ಗಿಬ್ಬಿ ಬಳಿದ ಕಿಟಕಿ

ಕ್ಲೈಡ್ ನದಿಯ ದಡದಲ್ಲಿ ಹಡಗು ಕಟ್ಟುವ ಗೋವನ್‌ನ ಗಂಡಸರು ತಮ್ಮ ಹೆಂಡಿರನ್ನು ಪೂರ್ತಿ ನೋಡಿದ್ದು ಮದುವೆಯ ದಿನ ಒಂದೇ ಸಲ ಎಂದು ಹಳಬರು ನಗೆಯಾಡುತ್ತಿದ್ದರು. ಆಮೇಲೆ ಕಂಡದ್ದೆಲ್ಲ ಅರ್ಧವೇ. ಸೊಂಟದಿಂದ ಕೆಳಗಿನ ಹೆಂಗಸು ಅಡುಗೆಮನೆಯಲ್ಲಿ, ಸೊಂಟದಿಂದ ಮೇಲಿನವಳು ಕಿಟಕಿಯ ಆಚೆ. ಅದಕ್ಕೆ ಅವರು ಇಟ್ಟುಕೊಂಡ ಹೆಸರೇ ಜೋತುಬೀಳುವುದು. ಮಧ್ಯಾಹ್ನದ ಪಾತ್ರೆ ತೊಳೆದು, ಆಲೂಗೆಡ್ಡೆ ಬೇಯಲಿಟ್ಟು, ಮೇಲೆ ಕೆಳಗೆ ಜಾರುವ ಕಿಟಕಿಯ ಕೆಳಗಿನ ಗಾಜಿನ ಚೌಕಟ್ಟನ್ನು ಮೇಲಕ್ಕೆ ತಳ್ಳಿ, ಕಿಟಕಿಯ ದಂಡೆಯ ಮೇಲೊಂದು ದಿಂಬು ಹಾಕಿ, ದಿಂಬಿನ ಮೇಲೆ ಮೊಣಕೈ ಊರಿ ಹೊರಗೆ ಬಾಗಿದರೆಂದರೆ ಸಂಜೆ ನಾಲ್ಕೂವರೆಗೆ ಹಡಗುಕಟ್ಟೆಯಲ್ಲಿ ಕೆಲಸ ಬಿಡುವ ಕೊಂಬು ಕೂಗುವ ತನಕ ಲೋಕದ ಯಾವ ಸುದ್ದಿಯೂ ಅವರ ಬಾಯಿಗೆ ಸಿಗದೆ ದಾಟಿಹೋಗುವಂತಿರಲಿಲ್ಲ.

ಈ ಕತೆಯ ನೆಟ್ಟಾ ಕ್ಯಾರೂಥರ್ಸ್ ಇಂಥ ಜೋತುಬೀಳುವವರಲ್ಲಿ ಹೆಸರು ಮಾಡಿದವಳು. ಹದಿನೇಳನೇ ನಂಬರಿನ ಕಲ್ಲುಕಟ್ಟಡದ ತುದಿಮಹಡಿ ಅವಳದು. ಪಕ್ಕದ ಹತ್ತೊಂಬತ್ತನೇ ನಂಬರಿನ ತುದಿಮಹಡಿಯಲ್ಲಿ ಟೆಸ್ಸಿ ಡೆವ್ಲಿನ್. ಇಬ್ಬರ ಅಡುಗೆಮನೆಗಳ ನಡುವೆ ಇದ್ದದ್ದು ಒಂದೇ ಗೋಡೆ. ಆದರೆ ಒಂದೊಂದು ನಂಬರಿಗೂ ಅದರದೇ ಮೆಟ್ಟಿಲು. ನೆಟ್ಟಾ ಟೆಸ್ಸಿಯ ಮನೆಗೆ ಹೋಗಬೇಕೆಂದರೆ ಐವತ್ತನಾಲ್ಕು ಮೆಟ್ಟಿಲು ಇಳಿದು, ಬೀದಿಗೆ ಬಂದು, ಮತ್ತೆ ಐವತ್ತನಾಲ್ಕು ಹತ್ತಬೇಕು. ಆದ್ದರಿಂದ ಸ್ನೇಹವೆಲ್ಲ ಹಿತ್ತಲ ಕಡೆಯ ಕಿಟಕಿಗಳಲ್ಲೇ ನಡೆಯಿತು. ಒಲೆಯ ಕೆದಕುಗೋಲಿನಿಂದ ಗೋಡೆಗೆ ಮೂರು ಸಲ ಬಡಿದರೆ "ಬಾರೇ ಕಿಟಕಿಗೆ" ಎಂದರ್ಥ. ಆ ಕಡೆಯಿಂದ ಎರಡು ಬಡಿತ ಬಂದರೆ "ಬಂದೆ ಕಣೇ" ಎಂದರ್ಥ.

ಆ ಕಿಟಕಿಗಳಲ್ಲಿ ಏನೇನು ದಾಟಿಹೋಗಲಿಲ್ಲ! ಒಂದು ಬಟ್ಟಲು ಸಕ್ಕರೆ, ಮಗ್ಗಿ ಮರೆತ ಮಗುವಿನ ಲೆಕ್ಕದ ಪುಸ್ತಕ, ಟೆಸ್ಸಿಯ ಜಪಸರ, ನೆಟ್ಟಾಳ ಬೈಗುಳ. ನೆಟ್ಟಾಳ ಮಗಳು ರೋನಾ ಐದಾರು ವರ್ಷದವಳಿದ್ದಾಗ ಹಿತ್ತಲಂಗಳದಲ್ಲಿ ನಿಂತು, "ಅಮ್ಮಾ, ಬ್ರೆಡ್ಡು ಎಸಿ!" ಎಂದು ಕೂಗುತ್ತಿದ್ದಳು. ಮೂರು ಮಹಡಿ ಹತ್ತಿ ಬರುವುದೆಂದರೆ ಆಟ ಬಿಟ್ಟಂತೆ. ನೆಟ್ಟಾ ಎರಡು ತುಂಡಿಗೆ ಜಾಮ್ ಹಚ್ಚಿ, ಕಾಗದದಲ್ಲಿ ಸುತ್ತಿ, ಗುರಿಯಿಟ್ಟು ಎಸೆಯುತ್ತಿದ್ದಳು. ಒಂದು ಸಲ ಗುರಿ ತಪ್ಪಿ ಅದು ಟೆಸ್ಸಿಯ ಗಂಡ ಬಾರ್ನಿಯ ಟೋಪಿಯ ಮೇಲೆ ಬಿತ್ತು. ಬಾರ್ನಿ ಮೇಲೆ ನೋಡಿ, "ಸ್ವರ್ಗದಲ್ಲಿ ಜಾಮ್ ಹಚ್ಚೋದು ತೀರಾ ತೆಳ್ಳಗೆ!" ಎಂದು ಕೂಗಿದ. ಹಡಗುಕಟ್ಟೆಯಲ್ಲಿ ಕ್ರೇನ್ ಓಡಿಸುತ್ತಿದ್ದ ಆ ಮನುಷ್ಯನ ಗಂಟಲು ಎಂಥದ್ದೆಂದರೆ, ಅವನಿಗೆ ಒಂದು ಗುಟ್ಟು ಹೇಳಿದರೆ ಕ್ಲೈಡ್ ನದಿಯ ಆಚೆ ದಡದವರೂ ತಲೆಯಾಡಿಸುತ್ತಿದ್ದರು.

ನೆಟ್ಟಾ ತಾನೂ ಹಡಗುಕಟ್ಟೆಯಲ್ಲಿ ದುಡಿದವಳೇ. ಹದಿನಾರಕ್ಕೇ ಸೇರಿ, ಹಡಗಿನ ಕೋಣೆಗಳ ಮೇಜು ಮಂಚಗಳಿಗೆ ಅರಗಿನ ಪಾಲಿಶ್ ತಿಕ್ಕುತ್ತಿದ್ದಳು. ಇಪ್ಪತ್ತೊಂದರಲ್ಲಿ ಗಿಬ್ಬಿ ಸಿಕ್ಕಿದ್ದು ಅಲ್ಲೇ. ಅವನು ಬಣ್ಣಗಾರ. ಅವನು ಆಗತಾನೇ ಬಳಿದಿದ್ದ ಬಾಗಿಲಿಗೆ ಇವಳು ಒರಗಿ, ಬೆನ್ನಿನ ತುಂಬ ಬಿಳಿ ಬಳಿದುಕೊಂಡು ಹೊರಟಾಗ ಅವನು ಓಡಿಬಂದು, "ಏ ಹುಡುಗಿ, ನನ್ ಬಾಗಿಲನ್ನ ಎಲ್ಲಿಗೆ ಹೊತ್ಕೊಂಡು ಹೋಗ್ತಿದ್ದೀಯಾ?" ಎಂದಿದ್ದ. ಆರು ತಿಂಗಳಿಗೆ ಮದುವೆಯಾಯಿತು. ಗಿಬ್ಬಿಯ ಕೆಲಸ ಎಂದರೆ ಕನ್ನಡಿ. ಕಟ್ಟೆಯ ಬೇರೆ ಬಣ್ಣಗಾರರ ಕೆಲಸದಲ್ಲಿ ಕುಂಚದ ಕೂದಲು ಅಂಟಿ ಉಳಿದಿದ್ದನ್ನು ಕಂಡರೆ ಅವನು, "ಗೋಡೆಗೆ ಮೀಸೆ ಬಂದಿದೆ, ಕ್ಷೌರ ಮಾಡಿಸ್ರೋ" ಎಂದು ಹಾಸ್ಯ ಮಾಡುತ್ತಿದ್ದ.

ಆ ಕಾಲದಲ್ಲಿ ಗೋವನ್‌ನ ಯಾವ ಮನೆಯವರೂ ಅಂಗಡಿಯಿಂದ ಬಣ್ಣ ತಂದವರಲ್ಲ. ಊಟದ ಡಬ್ಬಿಯಲ್ಲಿ, ಚಹಾದ ಕ್ಯಾನಿನಲ್ಲಿ ಕಟ್ಟೆಯಿಂದ ಗುಟ್ಟಾಗಿ ಅಷ್ಟಷ್ಟೇ ಮನೆಗೆ ಬರುತ್ತಿತ್ತು. ಯುದ್ಧನೌಕೆ ಕಟ್ಟುವ ವರ್ಷ ಅಡುಗೆಮನೆಗಳೆಲ್ಲ ಬೂದಿ ಬಣ್ಣ, ಪ್ರಯಾಣದ ಹಡಗು ಕಟ್ಟುವ ವರ್ಷ ಹಾಲಿನ ಬಿಳುಪು. ಯಾರ ಮನೆಗೆ ಹೋದರೂ ಈಗ ಕಟ್ಟೆಯಲ್ಲಿ ಯಾವ ಹಡಗು ನಿಂತಿದೆ ಎಂದು ಗೋಡೆ ನೋಡಿಯೇ ಹೇಳಬಹುದಿತ್ತು.

ಸಾವಿರದ ಒಂಬೈನೂರ ಅರವತ್ತೆಂಟರ ಜನವರಿಯಲ್ಲಿ ಆ ದೊಡ್ಡ ಬಿರುಗಾಳಿ ಬಂತು. ಊರಿನ ಹೊಗೆಗೂಡುಗಳು ಉರುಳಿದವು, ಚಾವಣಿಗಳು ಹಾರಿದವು. ನೆಟ್ಟಾಳ ಅಡುಗೆಮನೆಯ ಕಿಟಕಿ ರಾತ್ರಿಯೆಲ್ಲ ಹಲ್ಲು ಕಡಿಯಿತು. ಆ ಥಂಡಿ ಅವಳ ಎದೆಗೆ ಇಳಿದು ಆಸ್ಪತ್ರೆಗೆ ಸೇರಿಸಬೇಕಾಯಿತು. ಮೂರು ವಾರ ಮಲಗಿದ್ದು ಮನೆಗೆ ಬಂದಾಗ ಕಿಟಕಿ ಮಲ್ಲಿಗೆಯ ಹಾಗೆ ಬೆಳ್ಳಗಿತ್ತು. ಗಿಬ್ಬಿ ಅದರ ಮುಂದೆ ಮೇಣದಬತ್ತಿ ಹಚ್ಚಿ ಹಿಡಿದು, "ನೋಡೇ, ಜ್ವಾಲೆ ಅಲ್ಲಾಡುತ್ತಾ? ಇನ್ನು ನಿನ್ ಎದೆಗೆ ಒಂದು ಉಸಿರು ಗಾಳಿ ತಾಗಲ್ಲ" ಎಂದ. ಮೂರು ಕೈ ಬಳಿದಿದ್ದನಂತೆ. ಉಳಿದ ಅರ್ಧ ಡಬ್ಬಿ ಬಣ್ಣ ಏನು ಮಾಡಿದೆ ಎಂದು ನೆಟ್ಟಾ ಕೇಳಿದರೆ, "ಬೇಕಾದವರಿಗೆ ಕೊಟ್ಟೆ ಬಿಡು" ಎಂದ.

ಮನೆಯ ಬಣ್ಣಗಾರ ಕಿಟಕಿಯ ಸಂದು ಬಿಟ್ಟು ಬಳಿಯುತ್ತಾನೆ. ಹಡಗಿನ ಬಣ್ಣಗಾರನಿಗೆ ಸಂದು ಕಂಡರೆ ಕೈ ನಿಲ್ಲುವುದಿಲ್ಲ, ಅದನ್ನು ತುಂಬಲೇಬೇಕು. ಇಲ್ಲದಿದ್ದರೆ ಸಮುದ್ರ ಒಳಗೆ ಬರುತ್ತದೆ. ಮೇ ತಿಂಗಳಲ್ಲಿ ಬಿಸಿಲು ಬಿದ್ದ ದಿನ ನೆಟ್ಟಾ ದಿಂಬು ಕಂಕುಳಲ್ಲಿಟ್ಟುಕೊಂಡು ಕಿಟಕಿ ಎತ್ತಲು ಹೋದಳು. ಕಿಟಕಿ ಅಲ್ಲಾಡಲಿಲ್ಲ. ಗಿಬ್ಬಿ ಬಂದು ಹೆಗಲು ಕೊಟ್ಟ. ಅಲ್ಲಾಡಲಿಲ್ಲ. ಅವನ ಕಿವಿಗಳು ಕೆಂಪಾದವು.

"ನೆಟ್ಟಾ," ಎಂದ ಮೆಲ್ಲಗೆ, "ಇದು ಈ ಅಡುಗೆಮನೆಯಿಂದ ಆಚೆ ಹೋಗಬಾರದು."

ಯಾಕೆಂದು ಅವಳು ಕೇಳಲಿಲ್ಲ. ಕಟ್ಟೆಯಲ್ಲಿ ಒಬ್ಬ ಒಂದು ತಪ್ಪು ಮಾಡಿದರೆ ಅದೇ ಅವನ ಹೆಸರಾಗುತ್ತಿತ್ತು, ಗೋರಿಯವರೆಗೂ. ಸುತ್ತಿಗೆ ನದಿಗೆ ಬೀಳಿಸಿದವನು ಮೂವತ್ತು ವರ್ಷ 'ಮೀನುಗಾರ' ಎಂದೇ ಕರೆಸಿಕೊಂಡಿದ್ದ. ಗಂಡ 'ಕಿಟಕಿ ಗಿಬ್ಬಿ' ಆಗುವುದು ಅವಳಿಗೆ ಬೇಕಿರಲಿಲ್ಲ. "ಬರೋ ಭಾನುವಾರ ಬಿಡಿಸ್ತೀನಿ" ಎಂದ ಗಿಬ್ಬಿ. ಆ ಭಾನುವಾರ ಬರಲೇ ಇಲ್ಲ. ಟೆಸ್ಸಿ ಒಂದು ದಿನ ಅಂಗಳದಲ್ಲಿ, "ಯಾಕೆ ನಿನ್ ಕಿಟಕಿ ಸದಾ ಮುಚ್ಚಿರುತ್ತೆ?" ಎಂದಾಗ ನೆಟ್ಟಾ, "ನನ್ ಎದೆಗೆ ಗಾಳಿ ಆಗಲ್ಲ ಕಣೇ" ಎಂದಳು. ಮಾತು ಬದಲಿಸಲು, "ನಿಂದೂ ಮುಚ್ಚಿರುತ್ತಲ್ಲಾ?" ಎಂದರೆ ಟೆಸ್ಸಿ ಬೇರೆ ಕಡೆ ನೋಡುತ್ತಾ, "ಹೊಗೆ ಮಸಿ ಒಳಗೆ ಬರುತ್ತೆ" ಎಂದಳು.

ಹೊಗೆ ಮಸಿ! ಹುಟ್ಟಿದಾಗಿನಿಂದ ಮಸಿ ನುಂಗಿ ಬೆಳೆದವಳಿಗೆ ಈಗ ಮಸಿ ಆಗುವುದಿಲ್ಲವಂತೆ! ನೆಟ್ಟಾಳ ಮನಸ್ಸಿನಲ್ಲಿ ಒಂದು ಹರಳು ಉಳಿಯಿತು. ನಾನು ಕಿಟಕಿಗೆ ಬರದಿದ್ದರೇನು, ಅವಳು ಬರಬಹುದಿತ್ತಲ್ಲ? ಬೇಸಿಗೆಯ ನಡು ಮಧ್ಯಾಹ್ನ ಕಸದ ಬುಟ್ಟಿ ಹಿಡಿದು ಅಂಗಳಕ್ಕೆ ಇಳಿದಾಗೆಲ್ಲ ಮೇಲೆ ನೋಡುವಳು. ಟೆಸ್ಸಿಯ ಕಿಟಕಿ ಮುಚ್ಚಿಯೇ ಇರುತ್ತಿತ್ತು. ಸಾಕಾಗಿರಬೇಕು ನನ್ನ ಮಾತು, ಎಂದುಕೊಂಡಳು. ಹಾಗೆಂದು ಸ್ನೇಹವೇನೂ ಮುರಿಯಲಿಲ್ಲ. ಬಟ್ಟೆ ಒಗೆಯುವ ಸಾರ್ವಜನಿಕ ಮನೆಗೆ ಜೊತೆಯಲ್ಲೇ ಹೋದರು, ಒಬ್ಬರ ಗಂಡನ ಹೆಣದ ಮುಂದೆ ಇನ್ನೊಬ್ಬರು ಕೂತರು. ಆದರೆ ಚಪ್ಪಲಿಯೊಳಗಿನ ಹರಳು ನಡೆಯುವುದನ್ನು ತಡೆಯದೆಯೂ ನೋಯಿಸುತ್ತದೆ.

ಹೀಗೆ ಇಪ್ಪತ್ತಮೂರು ವರ್ಷ ಕಳೆಯಿತು. ಗಿಬ್ಬಿ ತೀರಿಹೋಗಿ ಒಂಬತ್ತು ವರ್ಷವಾಗಿತ್ತು. ಬಾರ್ನಿ ಹೋಗಿ ಏಳು. ಕೊಂಬು ಕೂಗುವುದು ನಿಂತು ಅದೆಷ್ಟೋ. ನೆಟ್ಟಾಳಿಗೆ ಎಪ್ಪತ್ತೊಂದು, ಸೊಂಟದ ಕೀಲು ಸವೆದಿತ್ತು. ಭಾನುವಾರ ಮಗಳು ರೋನಾ ಪಕ್ಕದೂರು ಪೇಸ್ಲಿಯಿಂದ ಬಂದು ತೋಳು ಹಿಡಿದರೆ ಮಾತ್ರ ಆ ಮೆಟ್ಟಿಲು. ಟೆಸ್ಸಿ ಫೆಬ್ರವರಿಯಲ್ಲಿ ಮಂಜಿನಲ್ಲಿ ಜಾರಿ ತೊಡೆ ಮುರಿದುಕೊಂಡು ಆಸ್ಪತ್ರೆ ಸೇರಿದ್ದಳು. ಮೇ ತಿಂಗಳ ಒಂದು ಮಂಗಳವಾರ ಸುದ್ದಿ ಬಂತು: ಶುಕ್ರವಾರ ಅವಳನ್ನು ಕುರ್ಚಿಯಲ್ಲಿ ಹೊತ್ತು ಮನೆಗೆ ಬಿಡುತ್ತಾರೆ. ಮನೆಯೊಳಗೆ ಕೋಲು ಹಿಡಿದು ನಡೆಯಬಹುದು. ಮೆಟ್ಟಿಲು ಮಾತ್ರ ಇನ್ನು ಈ ಜನ್ಮಕ್ಕಿಲ್ಲ.

ನೆಟ್ಟಾ ಆ ಸಂಜೆ ಗೋಡೆಯನ್ನೇ ನೋಡುತ್ತಾ ಕೂತಳು. ಟೆಸ್ಸಿ ಇಳಿಯುವಂತಿಲ್ಲ, ತಾನು ಹತ್ತುವಂತಿಲ್ಲ. ಒಂದು ಗೋಡೆಯ ಆಚೆ ಈಚೆ ಕೂತು ಎರಡು ಮುದುಕಿಯರು ಸಾಯುವವರೆಗೆ ಮುಖ ನೋಡದೆ ಇರುವುದೇ? ಫೋನಿದೆ, ನಿಜ. ಫೋನಿನಲ್ಲಿ ಸುದ್ದಿ ಹೇಳಬಹುದು, ಸುಮ್ಮನಿರಲಾಗದು. ಜೋತುಬೀಳುವುದರ ಅರ್ಧ ಸುಖ ಸುಮ್ಮನಿರುವುದರಲ್ಲಿತ್ತು. ಶುಕ್ರವಾರದೊಳಗೆ ಈ ಕಿಟಕಿ ತೆರೆಯಬೇಕು. ತೆರೆದರೂ ಟೆಸ್ಸಿ ಬರುವಳೇ? ಅದು ಬೇರೆ ಮಾತು. ಮೊದಲು ಕಿಟಕಿ.

ಕೆಳಗಿನ ಮನೆಯ ಆರ್ಚಿ ಡನ್ನಾಕಿಗೆ ಹೇಳಿಕಳಿಸಿದಳು. ಎಪ್ಪತ್ತಾರರ ಆರ್ಚಿ ಹಡಗುಕಟ್ಟೆಯಲ್ಲಿ ನಲವತ್ತನಾಲ್ಕು ವರ್ಷ ಬಡಗಿಯಾಗಿದ್ದವನು. ಬುಧವಾರ ಬೆಳಿಗ್ಗೆ ಪ್ರತಿ ತಿರುವಿನಲ್ಲೂ ಕೂತು ಎದ್ದು ಮೇಲೆ ಬಂದ. ಕನ್ನಡಕ ಹಾಕಿಕೊಂಡು ಕಿಟಕಿಯ ಸುತ್ತ ಬೆರಳಾಡಿಸಿದ.

"ಇದೇನಮ್ಮಾ ಇದು, ಕಿಟಕಿಯೋ ಹಡಗಿನ ಹೊಟ್ಟೆಯೋ? ಯಾರು ಬಳಿದದ್ದು?"

ಇಪ್ಪತ್ತಮೂರು ವರ್ಷ ಹಿಡಿದಿಟ್ಟಿದ್ದನ್ನು ನೆಟ್ಟಾ ಕಿಟಕಿಯನ್ನೇ ನೋಡುತ್ತಾ ಹೇಳಿದಳು. "ಗಿಬ್ಬಿ."

ಆರ್ಚಿ ನಗಲಿಲ್ಲ. ಟೋಪಿ ತೆಗೆದು ತೊಡೆಯ ಮೇಲಿಟ್ಟುಕೊಂಡು ಕುರ್ಚಿಯಲ್ಲಿ ಕೂತ. "ಸೊಗಸಾದ ಕೆಲಸ. ಅಟ್ಲಾಂಟಿಕ್ ದಾಟಬಹುದು ಈ ಅಡುಗೆಮನೇಲಿ ಕೂತು. ಆದ್ರೆ ನಾನು ಮುಟ್ಟೋ ಹಾಗಿಲ್ಲ."

"ಯಾಕೋ?"

"ಇದು ಬಣ್ಣ. ನಾನು ಬಡಗಿ."

"ಅಯ್ಯೋ ನಿನ್ ತಲೆ! ಕಟ್ಟೆ ಮುಚ್ಚಿ ಕಾಲವಾಯ್ತು!"

"ಕಟ್ಟೆ ಮುಚ್ಚಿರಬಹುದಮ್ಮಾ, ಕಾರ್ಮಿಕರ ಸಂಘ ಮುಚ್ಚಿಲ್ಲ." ಆರ್ಚಿ ಎದೆಯ ಮೇಲೆ ಕೈಯಿಟ್ಟ. "ಬಣ್ಣಗಾರರ ಕೆಲಸಕ್ಕೆ ಬಡಗಿ ಕೈ ಹಾಕಬಾರದು. ಒಂದು ಹಲಗೆಗೆ ತೂತು ಕೊರೆಯೋದು ಯಾರ ಕೆಲಸ ಅಂತ ನಾವು ಮೂರು ವಾರ ಕೆಲಸ ನಿಲ್ಲಿಸಿದ್ವಿ, ಗೊತ್ತಾ? ನೀನು ಬಣ್ಣಗಾರನ ಹೆಂಡತಿ. ಬಣ್ಣ ನೀನು ಬಿಡಿಸು. ಮರ ಕಂಡಾಗ ಕರಿ, ಬರ್ತೀನಿ."

"ಥೂ ನಿನ್ನ! ಚಹಾ ಕುಡಿಯೋದು ಯಾರ ಸಂಘದ ಕೆಲಸ?"

"ಅದು ಎಲ್ಲಾ ಸಂಘದ್ದು" ಎಂದು ಆರ್ಚಿ ಬಟ್ಟಲು ಮುಂದೆ ಚಾಚಿದ.

ಹೀಗೆ ಆ ಕೆಲಸ ನೆಟ್ಟಾಳ ಕೈಗೇ ಬಂತು. ಮಂಚದ ಕೆಳಗಿನ ಪೆಟ್ಟಿಗೆಯಿಂದ ಗಿಬ್ಬಿಯ ಚಾಕು ತೆಗೆದಳು, ತೆಳ್ಳನೆಯ ಅಗಲ ಅಲಗಿನದು. ಹಿಡಿಕೆಯಲ್ಲಿ ಅವನ ಹೆಬ್ಬೆರಳು ಮಾಡಿದ ತಗ್ಗು ಹಾಗೇ ಇತ್ತು. ಆರ್ಚಿ ಕುರ್ಚಿಯಲ್ಲಿ ಕೂತು ಬಾಯಿಯಲ್ಲೇ ಕೆಲಸ ಮಾಡಿದ. "ಇರಿಯಬೇಡ, ಎಳಿ. ಒಂದೇ ಸಲಕ್ಕೆ ಆಳ ಹೋಗಬೇಡ. ಗೆರೆ ಮೇಲೆ ಗೆರೆ. ಹೊರಗಿನ ಬಣ್ಣ ಮಳೆಗೆ ಎದ್ದುಹೋಗಿದೆ, ಹಿಡಿದಿರೋದು ಒಳಗಿಂದು ಮಾತ್ರ."

ಅವಳು ಪಾಲಿಶ್ ತಿಕ್ಕಿದ ಕೈಯವಳು. ಆತುರ ಮಾಡುವುದು ಆ ಕೈಗೆ ಗೊತ್ತಿರಲಿಲ್ಲ. ಬುಧವಾರ ಎಡಗಡೆ ಮುಗಿಯಿತು. ಗುರುವಾರ ಬಲಗಡೆಯೂ ನಡುವಿನ ಕೂಡುಪಟ್ಟಿಯೂ. ಬಿಳಿ ಸಿಪ್ಪೆ ಸುರುಳಿ ಸುರುಳಿಯಾಗಿ ಮಡಿಲಿಗೆ ಬೀಳುತ್ತಿತ್ತು. ಬಿಳಿಯ ಕೆಳಗೆ ಯಾವುದೋ ಹಡಗಿನ ಬೂದಿ ಬಣ್ಣ, ಅದರ ಕೆಳಗೆ ಅವಳು ಮದುವೆಯಾಗಿ ಬಂದ ವರ್ಷದ ಕಂದು. ಆ ಕಂದು ಕಂಡಾಗ ಅವಳಿಗೆ ಒಮ್ಮೆಲೇ ಇಪ್ಪತ್ತೆರಡು ವರ್ಷವಾಯಿತು; ಗಿಬ್ಬಿ ಅಂಗಿಯ ತೋಳು ಮಡಚಿಕೊಂಡು ಹಾಡುತ್ತಾ ಏಣಿಯ ಮೇಲಿದ್ದ, ಅವಳು ಕೆಳಗೆ ಏಣಿ ಹಿಡಿದು, "ಹಾಡು ಸಾಕು, ಬಣ್ಣ ಬಳಿ" ಎನ್ನುತ್ತಿದ್ದಳು.

ಕೊನೆಗೆ ಉಳಿದದ್ದು ಕೆಳಗಿನ ಬಲಮೂಲೆ. ಅಲ್ಲೊಂದು ಕೂದಲಿತ್ತು. ಕಣ್ಣಿನ ರೆಪ್ಪೆಯಷ್ಟು ಉದ್ದದ ಕುಂಚದ ಕೂದಲು, ಅರ್ಧ ಕಿಟಕಿಯ ಮೇಲೆ, ಅರ್ಧ ಚೌಕಟ್ಟಿನ ಮೇಲೆ, ಸಂದಿಗೆ ಅಡ್ಡವಾಗಿ ಬಣ್ಣದಲ್ಲಿ ಹೂತಿತ್ತು. ಗಿಬ್ಬಿಯ ಇಡೀ ಬದುಕಿನ ಕೆಲಸದಲ್ಲಿ ಅವಳು ಕಂಡ ಒಂದೇ ಒಂದು ಕೂದಲು. "ಗೋಡೆಗೆ ಮೀಸೆ ಬಂದಿದೆ ಕಣೋ" ಎಂದು ಅದೆಷ್ಟು ಸಲ ಕಾಡಿಸಿದ್ದಳು! ಅವನು ಹೋದ ಮೇಲೆ ಪಾತ್ರೆ ತೊಳೆದು ಒದ್ದೆ ಕೈ ಒರೆಸಿಕೊಂಡಾಗೆಲ್ಲ ಒಂದು ಬೆರಳು ಅಲ್ಲಿಗೆ ಹೋಗಿಬರುತ್ತಿತ್ತು. ಅವಳು ಸಾಣೆ ಹಿಡಿಸಲು ಸರದಿ ಕಾಯುವವಳ ಹಾಗೆ ಚಾಕು ಹಿಡಿದು ನಿಂತೇ ಇದ್ದಳು.

ಆರ್ಚಿ ಬಗ್ಗಿ ನೋಡಿದ. ಅವನಿಗೂ ಅರ್ಥವಾಯಿತು. "ಕಷ್ಟ ಅನ್ಸಿದ್ರೆ ಬಿಡಮ್ಮಾ. ಆದ್ರೆ ಆ ಮೂಲೆ ಹಿಡಿದಿದ್ರೆ ಕಿಟಕಿ ಏಳಲ್ಲ."

"ಅದಲ್ಲ ಆರ್ಚಿ. ನನ್ ಎದೆಗೆ ಗಾಳಿ ತಾಗಬಾರದು ಅಂತ ಬಳಿದ. ಆಸ್ಪತ್ರೆಯಿಂದ ಬರ್ತೀನೋ ಇಲ್ವೋ ಅಂತ ಕೈ ನಡುಗಿರಬೇಕು. ಇಲ್ದಿದ್ರೆ ಅವನು ಕೂದಲು ಬಿಡ್ತಿದ್ನಾ?"

"ಇಲ್ಲ" ಎಂದ ಆರ್ಚಿ. "ಅವನು ಬಿಡೋನಲ್ಲ."

ಅವಳು ಅಲಗನ್ನು ಸಂದಿಗಿಟ್ಟು ಎಳೆದಳು. ಕೂದಲು ಎರಡಾಯಿತು.

ಶುಕ್ರವಾರ ಬೆಳಿಗ್ಗೆ ಆರ್ಚಿ ತನ್ನ ಸರದಿಗೆ ಎದ್ದ. ಬಟ್ಟೆ ಸುತ್ತಿದ ಮರದ ತುಂಡನ್ನು ಚೌಕಟ್ಟಿಗಿಟ್ಟು ಸುತ್ತಲೂ ಮೆಲ್ಲಗೆ ತಟ್ಟಿದ. ಕಿಟಕಿ ಸಲೀಸಾಗಿ ಜಾರಲೆಂದು ಪಕ್ಕದ ಕೊರಕಲಿಗೆ ಮೇಣದಬತ್ತಿ ಉಜ್ಜಿದ. "ಈಗ ಇಬ್ಬರೂ. ಹೂಂ ಅಂದಾಗ ಎತ್ತು." ಮೊದಲ ಸಲ ಏನೂ ಇಲ್ಲ. ಎರಡನೇ ಸಲ ಒಣರೊಟ್ಟಿ ಮುರಿದಂಥ ಸದ್ದು. ಮೂರನೇ ಸಲ ಗೋಡೆಯೊಳಗೆ ಗುಡುಗುಡು ಎಂದಿತು. ಕಿಟಕಿಯ ತೂಕ ಹೊರಲು ಚೌಕಟ್ಟಿನ ಪೆಟ್ಟಿಗೆಯಲ್ಲಿ ಹಗ್ಗಕ್ಕೆ ಕಟ್ಟಿ ಇಳಿಬಿಟ್ಟ ಕಬ್ಬಿಣದ ಗುಂಡು ಇಪ್ಪತ್ತಮೂರು ವರ್ಷದ ನಿದ್ದೆಯಿಂದೆದ್ದು ಕೆಳಗಿಳಿಯಿತು, ಕಿಟಕಿ ಮೇಲೇರಿತು. ನದಿಯ ಗಾಳಿ ಒಳಗೆ ಬಂತು. ಇನ್ನೊಂದು ಬದಿಯ ಹಗ್ಗ ಕೊಳೆತು ತುಂಡಾಗಿದ್ದರಿಂದ ಕಿಟಕಿ ಓರೆಯಾಗಿ ಜಾರತೊಡಗಿತು. ನೆಟ್ಟಾ ಗಂಜಿ ತಿರುವುವ ಕೋಲನ್ನು ಸಂದಿಗೆ ಕೊಟ್ಟು ನಿಲ್ಲಿಸಿದಳು. ಅರ್ಧ ಕೂದಲು ಕಿಟಕಿಯ ಜೊತೆ ಮೇಲೆ ಹೋಗಿತ್ತು, ಅರ್ಧ ಕೆಳಗೇ ಉಳಿದಿತ್ತು.

ಮಧ್ಯಾಹ್ನ ಗೋಡೆಯಾಚೆ ಗದ್ದಲ ಕೇಳಿಸಿತು. ಕುರ್ಚಿ ಹೊತ್ತವರ ಏದುಸಿರು, ನಡುವೆ ಟೆಸ್ಸಿಯ ದನಿ: "ನಿಧಾನ ಕಣಪ್ಪಾ, ನಾನು ಪಿಯಾನೋ ಅಲ್ಲ!" ಆಮೇಲೆ ಬಾಗಿಲು ಮುಚ್ಚಿತು. ನೆಟ್ಟಾ ನಾಲ್ಕು ಗಂಟೆಯವರೆಗೆ ಕಾದಳು. ಹಳೆಯ ಮಖಮಲ್ಲಿನ ದಿಂಬು ತಂದು ಹಾಕಿದಳು. ಎರಡು ಮೊಣಕೈಯ ತಗ್ಗುಗಳು ಅದರಲ್ಲಿ ಇನ್ನೂ ಇದ್ದವು. ಆರ್ಚಿ ಮೂರನೇ ಬಟ್ಟಲು ಚಹಾ ಕುಡಿಯುತ್ತಿದ್ದ. ಅವಳು ಕೆದಕುಗೋಲು ತೆಗೆದುಕೊಂಡು ಗೋಡೆಗೆ ಮೂರು ಸಲ ಬಡಿದಳು.

ಆ ಕಡೆ ಕುರ್ಚಿ ಎಳೆದ ಸದ್ದು. ಆಮೇಲೆ, ಟಕ್, ಟಕ್. ಎರಡು.

ನೆಟ್ಟಾ ಸೊಂಟದ ನೋವು ಮರೆತು ಕಿಟಕಿಗೆ ಬಾಗಿದಳು. ಹಿತ್ತಲ ಅಂಗಳ ಅದೇ, ಬಟ್ಟೆಯ ಕಂಬಗಳು ಅವೇ. ಪಕ್ಕಕ್ಕೆ ತಿರುಗಿ ನೋಡಿದಳು. ಟೆಸ್ಸಿಯ ಕಿಟಕಿ ಮುಚ್ಚಿತ್ತು. ಒಂದು ನಿಮಿಷ ಹೋಯಿತು, ಐದು ನಿಮಿಷ ಹೋಯಿತು.

"ಬರಲ್ಲ ಆರ್ಚಿ ಅವಳು" ಎಂದಳು ಒಳಗೆ ತಿರುಗದೆಯೇ. "ಆವತ್ತೇ ಸಾಕಾಗಿತ್ತು ಅವಳಿಗೆ. ನಾನೇ ಮೂರ್ಖಿ."

ಆಗ ಗಾಜಿನ ಮೇಲೆ ಉಂಗುರ ಬಡಿಯುವ ಸದ್ದು ಕೇಳಿಸಿತು. ಕಿರಿಕಿರಿಯಿಂದ, ಬಿಡದೆ ಬಡಿಯುವ ಸದ್ದು. ಆಮೇಲೆ ಗಾಜಿನ ಹಿಂದಿನಿಂದ, ಬಾವಿಯೊಳಗಿನಿಂದ ಬಂದಂಥ ಕೂಗು.

"ತೆಗೆಯೋಕೆ ಬರಲ್ಲ ಕಣೇ! ಅಂಟಿದೆ! ನಿನ್ ಗಂಡ ಬಳಿದು ಹೋದಾಗಿನಿಂದ ಅಂಟಿದೆ!"

ನೆಟ್ಟಾಳಿಗೆ ಗಿಬ್ಬಿಯ ಮಾತು ನೆನಪಾಯಿತು. ಅರ್ಧ ಡಬ್ಬಿ. ಬೇಕಾದವರಿಗೆ ಕೊಟ್ಟೆ ಬಿಡು.

"ಮತ್ತೆ ಯಾಕೇ ಹೇಳ್ಲಿಲ್ಲ ಮಾರಾಯ್ತೀ, ಇಷ್ಟು ವರ್ಷ?"

"ಹೇಗೆ ಹೇಳೋದೇ! ನೀನು ಆಸ್ಪತ್ರೇಲಿದ್ದೆ, ಪಾಪ ಅವನು ಪುಕ್ಕಟೆ ಬಳಿದುಕೊಟ್ಟ! ಬಾರ್ನಿ ಅಡುಗೆಮನೆ ಕಿಟಕಿ ಮುಟ್ಟಿದೋನಲ್ಲ, ಗೊತ್ತಾಗಿದ್ರೆ ಇಡೀ ಕಟ್ಟೆಗೆ ಕೂಗ್ತಿದ್ದ! ನೀನು ನೊಂದ್ಕೊಳ್ತಿದ್ದೆ! ಮಸಿ ಅಂತ ಹೇಳ್ದೆ! ನಿನ್ ಎದೆಗೆ ಗಾಳಿ ಆಗಲ್ಲ ಅಂತ ನೀನೇ ಹೇಳ್ಲಿಲ್ವಾ?"

ನೆಟ್ಟಾ ದಿಂಬಿನ ಮೇಲೆ ತಲೆಯಿಟ್ಟು ನಕ್ಕಳು. ನಗು ಕೆಮ್ಮಾಯಿತು, ಕೆಮ್ಮು ಅಳುವಾಯಿತು, ಮತ್ತೆ ನಗುವಾಯಿತು. ಒಳಗೆ ತಿರುಗಿ ಗಿಬ್ಬಿಯ ಚಾಕುವನ್ನು ಆರ್ಚಿಯ ಮುಂದೆ ಹಿಡಿದಳು.

"ನೋಡಮ್ಮಾ, ಅದು ಬಣ್ಣ..." ಎಂದು ಶುರುಮಾಡಿದ ಆರ್ಚಿ.

"ಆರ್ಚಿ."

ಆರ್ಚಿ ಅವಳ ಮುಖ ನೋಡಿದ, ಚಾಕು ನೋಡಿದ, ಟೋಪಿ ಹಾಕಿಕೊಂಡ. "ಇಳಿಯೋಕೆ ಐವತ್ತನಾಲ್ಕು, ಹತ್ತೋಕೆ ಐವತ್ತನಾಲ್ಕು. ಜೊತೆಗೆ ಸಂಘದ್ರೋಹ. ನಾನು ಸತ್ತ ಮೇಲೂ ಇದನ್ನ ಯಾರಿಗೂ ಹೇಳಬಾರದು" ಎಂದು ಗೊಣಗುತ್ತಾ ಹೊರಟ.

ನೆಟ್ಟಾ ಎರಡು ದಿನ ಮಾಡಿದ್ದನ್ನು ನಲವತ್ತನಾಲ್ಕು ವರ್ಷ ಪಳಗಿದ ಆರ್ಚಿಯ ಕೈ ಎರಡು ಗಂಟೆಯಲ್ಲಿ ಮಾಡಿತು. ಬಿಸಿಲು ಇನ್ನೂ ಅಂಗಳದ ಗೋಡೆಯ ಮೇಲಿತ್ತು. ನೆಟ್ಟಾ ದಿಂಬಿನ ಮೇಲಿಂದ ಏಳಲಿಲ್ಲ. ಕೊನೆಗೆ ಪಕ್ಕದ ಕಿಟಕಿಯಲ್ಲಿ ಒಣರೊಟ್ಟಿ ಮುರಿದಂಥ ಸದ್ದಾಯಿತು. ಕಿಟಕಿ ಎದ್ದಿತು. ಮೊದಲು ಒಂದು ಹೂವಿನ ದಿಂಬು ಬಂತು, ಆಮೇಲೆ ಒಂದು ಮೊಣಕೈ, ಆಮೇಲೆ ಆಸ್ಪತ್ರೆಯಲ್ಲಿ ಬಡವಾದ, ಬಿಳಿ ಕೂದಲು ಕತ್ತರಿಸಿದ ತಲೆ.

ಇಬ್ಬರೂ ಒಬ್ಬರನ್ನೊಬ್ಬರು ತಲೆಯಿಂದ ಮೊಣಕೈಯವರೆಗೆ ನೋಡಿಕೊಂಡರು.

"ಮುದುಕಿ ಆಗ್ಬಿಟ್ಟಿದ್ದೀಯಾ" ಎಂದಳು ಟೆಸ್ಸಿ.

"ನೀನು ಹುಡುಗಿ ಥರಾ ಇದ್ದೀಯಾ, ಪಾಪ, ಹಲ್ಲು ಬರೋಕೆ ಮುಂಚಿನ ಹುಡುಗಿ" ಎಂದಳು ನೆಟ್ಟಾ. ಆಮೇಲೆ ಕೇಳಿದಳು, "ನಿನ್ ಕಿಟಕೀಲಿ ಬಲಗಡೆ ಮೂಲೇಲಿ ನೋಡು. ಕೂದಲು ಇದೆಯಾ?"

ಟೆಸ್ಸಿ ಒಳಗೆ ಬಾಗಿ ನೋಡಿದಳು. "ಇಲ್ವಲ್ಲಾ. ಎಲ್ಲೂ ಇಲ್ಲ. ಕನ್ನಡಿ ಥರಾ ಇದೆ. ಯಾಕೆ?"

"ಏನಿಲ್ಲ" ಎಂದ ನೆಟ್ಟಾಳ ಬೆರಳು ತನ್ನ ಕಿಟಕಿಯ ಮೂಲೆಗೆ ಹೋಗಿ ಅರ್ಧ ಕೂದಲನ್ನು ಸವರಿ ಬಂತು. "ನಿನ್ ಮನೇಲಿ ಅವನು ಬರೀ ಬಣ್ಣ ಬಳಿದ, ಅಷ್ಟೇ."

ಟೆಸ್ಸಿಯ ಹಿಂದಿನಿಂದ ಆರ್ಚಿಯ ದನಿ ಬಂತು. ಅಲ್ಲಿ ಎರಡೂ ಹಗ್ಗ ಕೊಳೆತಿದ್ದವು. ಅವನು ಎರಡು ಕೈಯನ್ನೂ ಮೇಲೆತ್ತಿ ಕಿಟಕಿ ಹಿಡಿದು ನಿಂತಿದ್ದ.

"ಅಮ್ಮಣ್ಣಿಯರೇ, ಯಾರಾದ್ರೂ ಒಂದು ಗಂಜಿಕೋಲು ಕೊಡ್ತೀರಾ?"

"ತರ್ತೀನಿ ಇರಪ್ಪಾ" ಎಂದಳು ಟೆಸ್ಸಿ, ಮೊಣಕೈಯನ್ನು ದಿಂಬಿನಲ್ಲಿ ಇನ್ನಷ್ಟು ಒಳಗೆ ಊರುತ್ತಾ. "ಹೂಂ, ಹೇಳೇ ನೆಟ್ಟಾ. ಹದಿನೈದನೇ ನಂಬರಿನವಳ ಕತೆ ಏನಾಯ್ತು?"